ಎಳ್ಳು ಬೇಡವೆಂದ ಸಂಕ್ರಾಂತಿ

ಆ ಚಳಿಗಾಲದಲ್ಲಿ ನನ್ನ ದಾರಿ ಕಾಯುತ್ತಿದ್ದವರು ಒಬ್ಬರೇ. ಅವರೂ ನನಗಾಗಿ ಕಾಯುತ್ತಿರಲಿಲ್ಲ, ನನ್ನ ನಾಲಿಗೆಗಾಗಿ ಕಾಯುತ್ತಿದ್ದರು.

ನ್ಯೂರೆಂಬರ್ಗಿನ ನಮ್ಮ ಮನೆಯಿಂದ ಟ್ರಾಮಿನಲ್ಲಿ ಸ್ವಲ್ಪ ದೂರ ಹೋದರೆ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಆಕೆಯ ಕೋಣೆ. ಅವರು ಡಾಕ್ಟರಲ್ಲ. ಇಲ್ಲಿ ಹೈಲ್‌ಪ್ರಾಕ್ಟಿಕರಿನ್ ಎನ್ನುತ್ತಾರೆ. ಸರಕಾರದ ಪರೀಕ್ಷೆ ಪಾಸು ಮಾಡಿ ಬೋರ್ಡು ಹಾಕಿಕೊಂಡ ಚಿಕಿತ್ಸಕಿ. ಬೋರ್ಡಿನ ಮೇಲೆ ಚೀನೀ ವೈದ್ಯಪದ್ಧತಿ ಎಂದಿತ್ತು. ಒಳಗೆ ಚೀನಾದ್ದು ಎನ್ನಬಹುದಾದದ್ದು ಗೋಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ನಿಂತಿದ್ದ ಮನುಷ್ಯನ ಪಟ ಮತ್ತು ಒಂದು ಚಹಾದ ಕೆಟಲ್. ಆಕೆ ಅಪ್ಪಟ ಇಲ್ಲಿಯವರೇ, ಎತ್ತರದ, ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಹೆಂಗಸು. ನಾಲಿಗೆ ಹೊರಗೆ ಹಾಕಿಸಿ ದೀಪ ಹಿಡಿದು ನೋಡಿದರು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಬಹಳ ಮೆಲ್ಲಗೆ, ನಿಮ್ಮ ಒಳಗೆ ಥಂಡಿ ಇದೆ, ಗರ್ಭಕೋಶ ತಣ್ಣಗಿದೆ ಎಂದರು.

ನನಗೆ ನಗು ಬಂತು. ಹುಟ್ಟಿದಾಗಿನಿಂದ ನನ್ನದು ಉಷ್ಣದ ದೇಹ ಎಂದೇ ಕೇಳಿ ಬೆಳೆದವಳು ನಾನು. ಬಾಯಿಹುಣ್ಣಾದರೆ ಉಷ್ಣ, ಕಣ್ಣು ಕೆಂಪಾದರೆ ಉಷ್ಣ, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೂ ಉಷ್ಣ; ಎಲ್ಲಕ್ಕೂ ಅವ್ವ ನೆತ್ತಿಗೆ ಔಡಲೆಣ್ಣೆ ಬಡಿಯುತ್ತಿದ್ದಳು. ಹುಬ್ಬಳ್ಳಿಯ ಮೇ ತಿಂಗಳುಗಳಲ್ಲಿ ಬೆಂದು ಬಂದವಳ ಒಳಗೆ ಈ ಥಂಡಿ ಯಾವಾಗ ಸೇರಿತು? ಇಲ್ಲಿಗೆ ಬಂದ ಮೇಲೆಯೇ ಇರಬೇಕು. ಬಂದು ಹದಿನಾಲ್ಕು ವರ್ಷವಾಗಿತ್ತು.

ವಿಷಯ ಇಷ್ಟು. ನನಗೆ ಆಗ ನಲವತ್ತೆರಡು. ಫರ್ಟಿಲಿಟಿ ಕ್ಲಿನಿಕ್ಕಿನ ಫ್ರೀಜರಿನಲ್ಲಿ ನಮ್ಮದೊಂದು ಭ್ರೂಣ ಉಳಿದಿತ್ತು. ಒಂದೇ. ಅದನ್ನು ಜನವರಿಯಲ್ಲಿ ನನ್ನೊಳಗೆ ಇರಿಸುವುದು, ಅದು ನಿಲ್ಲದಿದ್ದರೆ ಇನ್ನು ಮುಂದೆ ಪ್ರಯತ್ನಿಸುವುದನ್ನು ತಾವು ಸಲಹೆ ಮಾಡುವುದಿಲ್ಲ ಎಂದು ಅಲ್ಲಿಯ ಡಾಕ್ಟರು ನಯವಾಗಿ ಹೇಳಿದ್ದರು. ಅಲ್ಲಿಯವರೆಗೆ ನಾನೇನು ಮಾಡಬೇಕೆಂದು ಕೇಳಿದೆ. ಫೋಲಿಕ್ ಆಸಿಡ್ ತೊಗೊಳ್ಳಿ, ನಿಶ್ಚಿಂತೆಯಿಂದಿರಿ ಎಂದರು. ಮೊದಲನೆಯದನ್ನು ಅಂದೇ ಕೊಂಡೆ. ಎರಡನೆಯದು ಯಾವ ಔಷಧದಂಗಡಿಯಲ್ಲೂ ಸಿಗಲಿಲ್ಲ. ಚೀನೀ ಪದ್ಧತಿಯ ಊಟೋಪಚಾರ ಮಾಡಬಹುದೇ ಎಂದಾಗ, ತಮ್ಮನ್ನು ಕೇಳದೆ ಗಿಡಮೂಲಿಕೆ ಮಾತ್ರ ನುಂಗಬೇಡಿ, ಬೆಚ್ಚಗೆ ಉಂಡರೆ ಯಾರಿಗೂ ಕೆಡುಕಾಗದು ಎಂದು ನಕ್ಕರು. ನನಗಂತೂ ಕೈಯಲ್ಲಿ ಏನಾದರೊಂದು ಕೆಲಸ ಬೇಕಾಗಿತ್ತು.

ಕೆಲಸವೇನೋ ಧಾರಾಳವಾಗಿ ಸಿಕ್ಕಿತು. ಬೆಳಿಗ್ಗೆ ಬ್ರೆಡ್ಡು, ಹಣ್ಣು, ಮ್ಯೂಸ್ಲಿ ಬಂದ್. ಅಕ್ಕಿಯನ್ನು ಬಹಳ ಹೊತ್ತು ಬೇಯಿಸಿ, ಶುಂಠಿ ಹಾಕಿ ಬಿಸಿಬಿಸಿ ಕುಡಿಯಬೇಕು. ಅಂದರೆ ಗಂಜಿ. ನಮ್ಮಲ್ಲಿ ಜ್ವರ ಬಂದವರಿಗೆ ಕೊಡುವ ಗಂಜಿಯನ್ನು ಜರ್ಮನಿಯಲ್ಲಿ ಅಪಾಯಿಂಟ್‌ಮೆಂಟ್ ತೊಗೊಂಡು ಕಲಿತೆ. ಎಲುಬಿನ ಸಾರು ಕುಡಿಯಬೇಕೆಂದರು. ನಾನು ಶಾಕಾಹಾರಿ ಎಂದೆ. ಆಕೆಯ ಮುಖ ಒಂದು ಕ್ಷಣ ಸೋತುಹೋಯಿತು. ಆಮೇಲೆ ಚೇತರಿಸಿಕೊಂಡು ಕರಿ ಅವರೆಯಂಥದೊಂದು ಕಾಳು, ವಾಲ್‌ನಟ್, ಏಷ್ಯಾ ಅಂಗಡಿಯಲ್ಲಿ ಸಿಗುವ ಕೆಂಪು ಖರ್ಜೂರ, ದಿನಾ ಎರಡು ಚಮಚ ಹುರಿದ ಕರಿ ಎಳ್ಳು ಎಂದು ಹೇಳಿದರು. ಎಳ್ಳು ಮೂತ್ರಪಿಂಡಕ್ಕೆ ಬಲ, ಅಲ್ಲಿಂದ ಗರ್ಭಕ್ಕೆ ಬಲ. ಸಂಜೆ ಬಿಸಿನೀರಿನಲ್ಲಿ ಕಾಲು ಇಟ್ಟು ಕೂರಬೇಕು. ಮೊಸರು ಮಾತ್ರ ಕೂಡದು. ತಣ್ಣಗಿನದು, ಒಳಗೆ ತೇವ ಕಟ್ಟುತ್ತದೆ.

ಮೊಸರಿಲ್ಲದೆ ಊಟ ಮುಗಿಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಮೊದಮೊದಲು ಸಾರನ್ನ ಉಂಡ ಮೇಲೆ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದೆ, ಯಾರೋ ಬಂದು ಆಯಿತು ಏಳು ಎನ್ನಲೆಂಬಂತೆ. ಹೇಳುವವರು ಯಾರಿದ್ದರು? ನನ್ನ ಗಂಡ ಸೋಮವಾರ ನಸುಕಿನಲ್ಲಿ ರೆನ್ನಿಂಗೆನ್ನಿಗೆ ಹೋದರೆ ಶುಕ್ರವಾರ ಬರುತ್ತಿದ್ದ. ಅಲ್ಲೊಂದು ಸಂಶೋಧನಾ ಕೇಂದ್ರದಲ್ಲಿ ಕಾರುಗಳ ಬ್ರೇಕಿನ ಕೆಲಸ. ನಾನು ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಇನ್ನೊಬ್ಬರು ಮಾಡಿದ್ದರಲ್ಲಿ ಏನೇನು ತಪ್ಪಾಗಬಹುದೆಂದು ಊಹಿಸುವುದಕ್ಕೆ ಸಂಬಳ ಕೊಡುತ್ತಾರೆ. ಹುಟ್ಟುಗುಣಕ್ಕೆ ಸಂಬಳ ಸಿಗುವುದು ಎಲ್ಲರ ಭಾಗ್ಯವಲ್ಲ. ಗಂಡ ಇಂಜಿನಿಯರಿಂಗ್ ಓದುವಾಗಿನ ಗೆಳೆಯ, ಅದಕ್ಕೇ ಏಕವಚನ. "ಬ್ರೇಕು ನಂದು, ಚಿಂತಿ ನಿಂದು. ಡಿಪಾರ್ಟ್‌ಮೆಂಟ್ ಬ್ಯಾರೆ ಬ್ಯಾರೆ," ಎನ್ನುತ್ತಿದ್ದ.

ಅವ್ವನಿಗೆ ಫೋನಿನಲ್ಲಿ ಎಳ್ಳಿನ ಸುದ್ದಿ ಹೇಳಿದ್ದೇ ತಪ್ಪಾಯಿತು.

"ಎಳ್ಳು ತಿನ್ಲಿಕತ್ತೀಯೇನ? ಎಳ್ಳು ಉಷ್ಣ. ಬಸುರಿ ಆಗಬೇಕನ್ನಾಕಿ ಎಳ್ಳಿನ ಡಬ್ಬಿ ಸೈತ ಮುಟ್ಟಬಾರದು. ಯಾರಕಿ ನಿನಗ ಹೇಳಿದಾಕಿ, ಚೀನಾದಾಕಿ?"

"ಚೀನಾದಾಕಿ ಅಲ್ಲವಾ, ಜರ್ಮನ್ನಾಕಿ."

"ಜರ್ಮನ್ನಾಕಿಗೆ ಚೀನಾದ ಔಷಧ ಯಾರು ಕಲಿಸಿದ್ರು?"

"ಕೋರ್ಸ್ ಮಾಡ್ಯಾಳ."

ಕೋರ್ಸ್ ಎಂಬ ಶಬ್ದಕ್ಕೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮರ್ಯಾದೆ. ಅವ್ವ ಪಟ್ಟು ಸಡಿಲಿಸಿ, ಅಷ್ಟು ಎಳ್ಳು ತಿಂದಿದ್ದಕ್ಕೆ ಒಂದು ವಾಟಗಾ ಮಜ್ಜಿಗೆಯಾದರೂ ಕುಡಿ ಎಂದಳು. ಹೀಗೆ ಒಬ್ಬರಿಗೆ ನಾನು ಒಳಗಿನಿಂದ ಹೆಪ್ಪುಗಟ್ಟಿದವಳು, ಇನ್ನೊಬ್ಬರಿಗೆ ಒಳಗಿನಿಂದ ಉರಿಯುವವಳು. ಇಬ್ಬರೂ ನನ್ನ ಒಳ್ಳೆಯದನ್ನೇ ಬಯಸಿದವರು. ಎಳ್ಳನ್ನು ಬೆಳಿಗ್ಗೆ ತಿಂದು, ಮಜ್ಜಿಗೆ ಕುಡಿದೆನೆಂದು ಅವ್ವನಿಗೆ ಹೇಳುತ್ತಿದ್ದೆ.

ಇನ್ನೊಂದು ಉಪಚಾರವಿತ್ತು. ಒಣಗಿದ ಸೊಪ್ಪನ್ನು ಬೀಡಿಯಂತೆ ಸುತ್ತಿದ ಮೊಕ್ಸಾ ಎಂಬ ಕಡ್ಡಿ. ಅದನ್ನು ಹೊತ್ತಿಸಿ ಹೊಕ್ಕುಳಿನ ಕೆಳಗೆ, ಚರ್ಮಕ್ಕೆ ತಗಲದಂತೆ ಹಿಡಿದು ಶಾಖ ಕೊಡಬೇಕು. ಮನೆಯಲ್ಲಿ ಮೊದಲ ಸಲ ಮಾಡಿದ ದಿನ ಛಾವಣಿಯ ಹೊಗೆಯ ಅಲಾರಾಂ ಕೂಗಿಕೊಂಡಿತು. ಕುರ್ಚಿ ಹತ್ತಿ ಅದನ್ನು ನಿಲ್ಲಿಸುವಷ್ಟರಲ್ಲಿ ಕೆಳಗಿನ ಮನೆಯ ಮುದುಕರು ಬಾಗಿಲು ಬಡಿದರು. ನಾನು ಗಂಡನ ಸ್ವೆಟರು, ಮಂಡಿಯವರೆಗಿನ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೈಯಲ್ಲಿ ಹೊಗೆಯಾಡುವ ಕಡ್ಡಿ ಹಿಡಿದು ನಿಂತಿದ್ದೆ. ಅವರು ಕಡ್ಡಿಯನ್ನೂ ನನ್ನನ್ನೂ ನೋಡಿ, ಏನಾದರೂ ಸಹಾಯ ಬೇಕೇ ಎಂದು ಕೇಳಿದರು. ಬೇಡ ಎಂದೆ. ಬಾಗಿಲು ಹಾಕಿದ ಮೇಲೆ ಹೊಳೆಯಿತು: ಆ ತಿಂಗಳಲ್ಲಿ, ಪಾರ್ಸೆಲ್ಲಿನವರನ್ನು ಬಿಟ್ಟರೆ, ನಮ್ಮ ಬಾಗಿಲು ಬಡಿದವರು ಅವರೊಬ್ಬರೇ. ಕೂತು ಚಹಾ ಕುಡಿಯಿರಿ ಎನ್ನಬಹುದಿತ್ತು.

ಜನವರಿ ಬಂತು. ಭ್ರೂಣವನ್ನು ಇರಿಸುವುದು ಕೆಲವೇ ನಿಮಿಷಗಳ ಕೆಲಸ. ಪರದೆಯ ಮೇಲೆ ಒಂದು ಬೆಳ್ಳನೆಯ ಚುಕ್ಕಿಯನ್ನು ತೋರಿಸಿದರು, ಸಾಸಿವೆಗಿಂತ ಚಿಕ್ಕದು. ಅಷ್ಟು ದಿನ ಹಿಮದಲ್ಲಿದ್ದದ್ದು, ಪಾಪ, ಒಳಗೆ ಬೆಚ್ಚಗಿದೆಯೋ ಇಲ್ಲವೋ ಎಂದು ಯೋಚಿಸುತ್ತ ಮಲಗಿದ್ದೆ. ಗಂಡ ಕೈ ಹಿಡಿದಿದ್ದ. ಎರಡು ವಾರ ಬಿಟ್ಟು ರಕ್ತಪರೀಕ್ಷೆ, ಅಲ್ಲಿಯವರೆಗೆ ಎಂದಿನಂತೆ ಇರಿ ಎಂದರು. ಭಾರ ಎತ್ತಬಹುದೇ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಎಂದಿನಂತೆ ಇರಿ ಎಂದರು. ಮರುದಿನದಿಂದ ನೀರಿನ ಬಾಟಲಿಯನ್ನೂ ಎರಡು ಕೈಯಲ್ಲಿ ಎತ್ತತೊಡಗಿದೆ.

ಮತ್ತು ಎಳ್ಳು ಬಿಟ್ಟೆ. ಚಿಕಿತ್ಸಕಿ ಮುಂದುವರಿಸಿ ಎಂದೇ ಹೇಳಿದ್ದರು. ಆದರೆ ಒಳಗೆ ಅದು ಕೂತ ಮೇಲೆ ಮೂತ್ರಪಿಂಡದ ಬಲ ಇತ್ಯಾದಿ ಎಲ್ಲ ಮಸುಕಾಗಿ, ಅವ್ವನ ದನಿಯೊಂದೇ ಉಳಿಯಿತು. ಬೆಳಗಿನ ಎಳ್ಳಿನ ಬಾಟಲಿಯನ್ನು ಕಪಾಟಿನ ಮೇಲಿನ ಅರೆಗೆ, ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದೆ, ಕಣ್ಣಿಗೂ ಬೀಳದ ಹಾಗೆ.

ಆ ವಾರಾಂತ್ಯದಲ್ಲೇ ನಮ್ಮ ಕನ್ನಡದವರ ಸಂಕ್ರಾಂತಿ. ಚರ್ಚಿನವರ ಸಭಾಭವನವನ್ನು ಮಧ್ಯಾಹ್ನಕ್ಕೆ ಬಾಡಿಗೆಗೆ ಹಿಡಿದಿದ್ದರು. ಗಂಡನಿಗೆ ನೆಗಡಿ, ನನಗೆ ಹತ್ತಬಾರದೆಂದು ರೆನ್ನಿಂಗೆನ್ನಿನಲ್ಲೇ ಉಳಿದ. ನಾನೂ ಹೋಗಬಾರದಿತ್ತು. ಆದರೆ ಮನೆಯಲ್ಲಿ ಒಬ್ಬಳೇ ಕೂತು ಹೊಟ್ಟೆಯ ಪ್ರತಿ ಚುಳುಕನ್ನೂ ಟೆಸ್ಟ್ ಮಾಡುತ್ತ ಸಾಕಾಗಿತ್ತು. ಅಲ್ಲದೆ ಹಣ್ಣು ತರುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಐದು ವರ್ಷದೊಳಗಿನ ಮಕ್ಕಳಿಗೆ ಸಂಕ್ರಾಂತಿಯಲ್ಲಿ ತಲೆಯ ಮೇಲಿಂದ ಬಾರಿಹಣ್ಣು ಎರೆಯುತ್ತಾರಲ್ಲ, ಮೈಸೂರಿನವರು ಎಲಚಿ ಎನ್ನುತ್ತಾರೆ, ಇಲ್ಲಿ ಅದು ಸಿಗುವುದಿಲ್ಲ. ಏಷ್ಯಾ ಅಂಗಡಿಯ ಆ ಕೆಂಪು ಖರ್ಜೂರ ಅಸಲಿಗೆ ಖರ್ಜೂರವೇ ಅಲ್ಲ, ಬಾರಿಹಣ್ಣಿನ ಜಾತಿಯದೇ, ಚೀನಾದ ದೊಡ್ಡಕ್ಕ. ಮನೆಯಲ್ಲಿ ಬೇಕಾದಷ್ಟಿತ್ತು. ಯಾಕೆ ಅಷ್ಟಿದೆ ಎಂದು ಯಾರೂ ಕೇಳಲಿಲ್ಲ.

ಮನೆಯಿಂದ ಕಂಬಳಿ ತಂದು ಹಾಸಿ, ಮಕ್ಕಳನ್ನು ಕೂರಿಸಿದರು. ಹಬ್ಬದ ಉಸ್ತುವಾರಿ ಮೈಸೂರಿನ ಕಡೆಯ ಹುಡುಗಿಯದು. ತನ್ನ ಎರಡು ವರ್ಷದ ಮಗನನ್ನು ನನ್ನೆಡೆಗೆ ಚಾಚಿ, "ಅಕ್ಕ, ಇವನನ್ನ ಒಂಚೂರು ಎತ್ಕೊಳಿ, ಆರತಿ ತಟ್ಟೆ ತಂದ್ಬಿಡ್ತೀನಿ," ಎಂದಳು. ನಾನು ಹಿಂದೆ ಸರಿದೆ. ಹುಡುಗ ಗುಂಡುಗುಂಡಗಿದ್ದ. ಸೊಂಟ ನೋವು ಎಂದೆ. ಹುಡುಗ ನನ್ನನ್ನು ದಿಟ್ಟಿಸಿ, ಜರ್ಮನ್ನರ ಹಾಗೆ "ನೈನ್", ಅಂದರೆ ಬೇಡ, ಎಂದ. ಸದ್ಯ, ಇಬ್ಬರದೂ ಒಂದೇ ಅಭಿಪ್ರಾಯವಾಯಿತು. ಆದರೂ ಆ ಹುಡುಗಿಯ ಮುಖದಲ್ಲಿ ಒಂದು ನೆರಳು ಹಾದುಹೋದದ್ದು ಕಂಡಿತು. ಮಕ್ಕಳಿಲ್ಲದವಳು ಮಗುವನ್ನು ಎತ್ತಿಕೊಳ್ಳಲು ಒಲ್ಲೆನೆಂದರೆ ಅದಕ್ಕೆ ಜನ ಕೊಡುವ ಅರ್ಥಗಳು ನನಗೆ ಗೊತ್ತಿಲ್ಲದವಲ್ಲ.

ಹಣ್ಣು ಎರೆದಾಯಿತು. ಮೂರು ತಿಂಗಳು ನನ್ನ ರಕ್ತ ಹೆಚ್ಚಿಸಲೆಂದು ತಂದವು ಇನ್ನೊಬ್ಬರ ಮಕ್ಕಳ ತಲೆಯ ಮೇಲಿಂದ ಉರುಳಿ ನೆಲದ ತುಂಬ ಹರಡಿದವು. ಆಮೇಲೆ ಎಳ್ಳು-ಬೆಲ್ಲ ಹಂಚುತ್ತ ಹುಡುಗಿಯರು ಬಂದರು. ಜರಿಲಂಗದ ಒಬ್ಬಳು ನನ್ನ ಮುಂದೆ ತಟ್ಟೆ ಹಿಡಿದಳು. ಬೇಡಮ್ಮ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಸಂಕ್ರಾಂತಿಯ ದಿನ ಎಳ್ಳು ಬೇಡವೆನ್ನುವವರನ್ನು ಅವಳು ಕಂಡಿರಲಿಲ್ಲ. ಇನ್ನಷ್ಟು ಮುಂದೆ ಚಾಚಿದಳು. "ಉಷ್ಣ ಆಗ್ತದ, ಪುಟ್ಟಿ," ಎಂದೆ.

ಪಕ್ಕದಲ್ಲಿ ಕಾಕು ಕೂತಿದ್ದರು. ಗದಗಿನ ಕಡೆಯ ಹಿರಿಯ ಹೆಂಗಸು, ಮಗಳ ಬಾಣಂತನಕ್ಕೆಂದು ಬಂದವರು. ಊರಿನ ರೂಢಿಯಂತೆ ನಾವೆಲ್ಲ ಕಾಕು ಎನ್ನುತ್ತಿದ್ದೆವು. ಅವರು ನನ್ನ ಕೈ ಹಿಡಿದು ಎಬ್ಬಿಸಿ, ಕೋಟುಗಳು ತೂಗುಹಾಕಿದ್ದ ಮೂಲೆಗೆ, ಕೋಣೆ ಬೆಚ್ಚಗಿಡುವ ಹೈಟ್ಸುಂಗಿನ ಪಕ್ಕಕ್ಕೆ ಕರೆದುಕೊಂಡು ಹೋದರು.

"ಕೂಸಿನ್ನ ಎತ್ತಿಕೊಳ್ಳಲಿಲ್ಲ. ಎಳ್ಳು ಒಲ್ಲೆ ಅಂದಿ," ಎಂದರು ತಗ್ಗಿದ ದನಿಯಲ್ಲಿ. "ಹೊಟ್ಟೀಲೆ ಅದೀಯೇನವಾ?"

ಇಲ್ಲ ಎನ್ನಬೇಕಿತ್ತು. ಒಂದೇ ಶಬ್ದ. ಆದರೆ ಆ ಎರಡು ವಾರಗಳಲ್ಲಿ ಇಲ್ಲ ಎಂಬುದು ನನ್ನ ಬಾಯಲ್ಲಿ ಬರುವಂತಿರಲಿಲ್ಲ. ಒಳಗೆ ಇರುವುದಕ್ಕೆ ಅದು ಕೇಳಿಸಿದರೆ? ಹೌದು ಎನ್ನಲು ನನಗೇ ಗೊತ್ತಿರಲಿಲ್ಲ. ನಲವತ್ತೆರಡು ವರ್ಷದ, ಎರಡು ಡಿಗ್ರಿಯ ಹೆಂಗಸು, ಕೋಟುಗಳ ನಡುವೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಕಾಕುಗೆ ಅಷ್ಟು ಸಾಕಾಯಿತು.

"ಹೇಳಬ್ಯಾಡ, ಹೇಳಬ್ಯಾಡ. ಮೂರು ತಿಂಗಳ ತನಕಾ ಯಾರಿಗೂ ಹೇಳಬಾರದು. ನಾನೂ ಅನ್ನಂಗಿಲ್ಲ."

ಅನ್ನಲಿಲ್ಲವೇನೋ. ಆದರೆ ಸ್ವಲ್ಪ ಹೊತ್ತಿನಲ್ಲಿ ನನಗೆ ಬೆನ್ನು ಆನಿಸುವ ಕುರ್ಚಿ ಬಂತು. ಮೈಸೂರಿನ ಹುಡುಗಿ ಬಂದು, ಸಾರಿ ಅಕ್ಕ, ಗೊತ್ತಾಗಲಿಲ್ಲ ಎಂದು ಭುಜ ಒತ್ತಿ ಹೋದಳು. ಎಲ್ಲರಿಗೂ ಬಿಸಿಬೇಳೆಭಾತ್ ಬಡಿಸಿದಾಗ ನನ್ನ ತಟ್ಟೆಗೆ ಮೊಸರನ್ನ ಬಿತ್ತು. ನಾನು ಏನೂ ಹೇಳಿರಲಿಲ್ಲ. ಅಷ್ಟೂ ಮಂದಿ ನನ್ನ ಪರವಾಗಿ ಹೇಳಿಕೊಂಡಿದ್ದರು. ಹೊರಡುವಾಗ ಕಾಕು ನನ್ನ ಸೆರಗನ್ನು ಹಿಡಿಸಿ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಒಂದು ಉತ್ತತ್ತಿ, ಅರಿಷಿಣದ ಬೇರು, ಅದರ ಮೇಲೆ ನೆಲದಿಂದ ಆರಿಸಿದ ನನ್ನವೇ ಕೆಂಪು ಹಣ್ಣು ಒಂದು ಹಿಡಿ.

ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಕೋಟು ಹಾಕಿಕೊಂಡೆ. ಗುಂಡಿ ಹಾಕಲು ಬರಲಿಲ್ಲ. ಟ್ರಾಮಿನಲ್ಲಿ ಒಬ್ಬ ಹುಡುಗ ನನ್ನ ಹೊಟ್ಟೆಯ ಕಡೆ ನೋಡಿ ತಟಕ್ಕನೆ ಎದ್ದು ಸೀಟು ಬಿಟ್ಟ. ನಾನು ಕೂತೆ. ಡಾಂಕೆ ಎಂದೆ. ಮನೆಯ ನಿಲ್ದಾಣ ಬರುವವರೆಗೆ ಆ ಅಕ್ಕಿಯ ಭಾರದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದೆ. ಆ ದಾರಿಯುದ್ದಕ್ಕೂ ನಾನು ಚಿಂತೆ ಮಾಡಲಿಲ್ಲ. ಬಹುಶಃ ಇಡೀ ಚಳಿಗಾಲದಲ್ಲಿ ಅದೊಂದೇ ಸಲ.

ಆಮೇಲೆ ಡಬ್ಬಿಗಳು ಬರತೊಡಗಿದವು. ಹೆಪ್ಪು ಹಾಕಿದ ಮೊಸರು, ಗುಲ್ಕಂದು, ಎಳನೀರಿನ ಪೊಟ್ಟಣ, ಹೆಸರುಬೇಳೆ ಪಾಯಸ. ಕೊಟ್ಟವರು ಏನೂ ಕೇಳುತ್ತಿರಲಿಲ್ಲ, ಬಾಗಿಲಲ್ಲೇ ಕೊಟ್ಟು ಕಣ್ಣು ಮಿಟುಕಿಸಿ ಹೋಗುತ್ತಿದ್ದರು. ಫ್ರಿಜ್ಜು ತುಂಬ ತಂಪು. ಚಿಕಿತ್ಸಕಿಯ ಪ್ರಕಾರ ಅದರಲ್ಲಿ ನಾನು ಮುಟ್ಟಬಹುದಾದದ್ದು ಒಂದೂ ಇರಲಿಲ್ಲ. ನಾನು ಫ್ರಿಜ್ಜಿನ ಬಾಗಿಲು ತೆಗೆದು ನೋಡುತ್ತಿದ್ದೆ, ಮತ್ತೆ ಮುಚ್ಚಿ ಗಂಜಿ ಕಾಯಿಸುತ್ತಿದ್ದೆ.

ರಕ್ತಪರೀಕ್ಷೆಯ ದಿನ ಮಧ್ಯಾಹ್ನ ಕ್ಲಿನಿಕ್ಕಿನಿಂದ ಫೋನು. ನರ್ಸ್ 'ಲೈಡರ್' ಎಂದು ಶುರು ಮಾಡಿದಳು. ಮುಂದಿನದನ್ನು ಕೇಳಬೇಕಾಗಿರಲಿಲ್ಲ. ಬಾಡಿಗೆ ಮನೆ ಸಿಗಲಿಲ್ಲ, ಅರ್ಜಿ ಒಪ್ಪಿಗೆಯಾಗಲಿಲ್ಲ ಎಂದು ಈ ದೇಶದಲ್ಲಿ ಬಂದ ಎಲ್ಲ ಪತ್ರಗಳೂ ವಿಷಾದದ ಆ ಪದದಿಂದಲೇ ಶುರುವಾಗಿದ್ದವು. ನಾನು ಥ್ಯಾಂಕ್ಸ್ ಹೇಳಿದೆ. ಗಂಡನಿಗೆ ಫೋನು ಮಾಡಿದೆ. ಅವನು "ಬರಲೇನು?" ಎಂದ.

"ನಾಳೆ ಏನೋ ಟ್ರಯಲ್ ಅದ ಅಂದಿದ್ದಿ."

"ಬರಲೇನು ಅಂತ ಕೇಳಿದೆ."

"ಶುಕ್ರವಾರ ಬಾ," ಎಂದೆ. ಯಾಕೆ ಹಾಗೆಂದೆನೋ. ಅವನು ಬಂದರೆ ಇಬ್ಬರೂ ಎದುರುಬದುರು ಕೂರಬೇಕಾಗುತ್ತಿತ್ತು. ಅಡುಗೆಮನೆಗೆ ಹೋಗಿ ಎರಡು ಕೈ ಚಾಚಿ ನೀರಿನ ಬಾಟಲಿ ಎತ್ತಿದೆ. ಆಮೇಲೆ ನೆನಪಾಗಿ ಒಂದು ಕೈ ಬಿಟ್ಟೆ.

ಚಿಕಿತ್ಸಕಿಯಲ್ಲಿ ಅಪಾಯಿಂಟ್‌ಮೆಂಟ್ ಮೊದಲೇ ನಿಗದಿಯಾಗಿತ್ತು, ಹೋದೆ. ನಾನು ಬಾಯಿ ತೆರೆಯುವ ಮೊದಲೇ ಬಾಯಿ ತೆರೆಯಿಸಿದರು. ದೀಪ ಹಿಡಿದು ನೋಡಿ, ಎಷ್ಟು ಚೆನ್ನಾಗಿದೆ, ಬಣ್ಣ ಬಂದಿದೆ, ಥಂಡಿ ಹೋಗಿದೆ ಎಂದು ಹಿಗ್ಗಿದರು. ನಾಲಿಗೆ ಒಳಗೆಳೆದುಕೊಂಡ ಮೇಲೆ ವಿಷಯ ಹೇಳಿದೆ. ಅವರು ದೀಪ ಆರಿಸಿದರು. ಏನೂ ವಿವರಿಸಲಿಲ್ಲ, ಅದಕ್ಕೆ ನಾನಿನ್ನೂ ಕೃತಜ್ಞಳು. ಕೆಟಲ್ಲಿನಿಂದ ಚಹಾ ಸುರಿದರು, ಇಬ್ಬರೂ ಕುಡಿದೆವು. ನನ್ನ ಜೀವಮಾನದಲ್ಲಿ ನನ್ನ ನಾಲಿಗೆ ಅಷ್ಟು ಆರೋಗ್ಯವಾಗಿ ಎಂದೂ ಇರಲಿಲ್ಲ.

ಉಳಿದದ್ದು ಕಾಕು. ಅವರು ಆಗೀಗ ಫೋನು ಮಾಡುತ್ತಿದ್ದರು. ವಾಂತಿಯ ಬಗ್ಗೆ ಕೇಳುತ್ತಿರಲಿಲ್ಲ, ಬಸಿರಿನ ಹೆಸರೆತ್ತುತ್ತಿರಲಿಲ್ಲ. ಏನು ಉಂಡಿ ಎಂದಷ್ಟೇ ಕೇಳುತ್ತಿದ್ದರು. ನಾನು ಅನ್ನ ಸಾರು ಎನ್ನುತ್ತಿದ್ದೆ. ಎರಡು ಸಲ ಹಾಗೇ ದಾಟಿಸಿದೆ. ಮೂರನೆಯ ಸಲ ಅವರು ಏನು ಉಂಡಿ ಎಂದಾಗ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಹೊರಗೆ ಹಿಮದಲ್ಲಿ ಜನ ಜಾರದಿರಲೆಂದು ಚೆಲ್ಲಿದ್ದ ಜಲ್ಲಿಯನ್ನು ಯಾರೋ ಗುಡಿಸುತ್ತಿದ್ದರು.

"ಕಾಕು," ಎಂದೆ. "ಇಲ್ಲ."

ಅಷ್ಟೇ ಹೇಳಿದ್ದು. ಆ ಕಡೆ ಕುಕ್ಕರು ಸೀಟಿ ಹಾಕಿತು, ಮೊಮ್ಮಗು ಒಂದು ಸಲ ಚೀರಿ ಸುಮ್ಮನಾಯಿತು.

"ಹಂಗಾದ್ರ ನೀ ಎಳ್ಳು ತಿನ್ನಲಿಕ್ಕೆ ಅಡ್ಡಿಯಿಲ್ಲ," ಎಂದರು ಕಾಕು. "ನಿನ್ನ ಪಾಲಿಂದು ತಗದಿಟ್ಟೀನಿ. ಬಾ. ಉಳಿದವರಿಗೆ ನೀ ಏನೂ ಹೇಳಬ್ಯಾಡ, ನಾ ಹೇಳ್ತೀನಿ. ಮುದುಕಿ ತಪ್ಪು ತಿಳಕೊಂಡಿದ್ಲು ಅಂತ."

ಶನಿವಾರ ಹೋದೆ. ಗಂಡ ಕಾರಿನಲ್ಲಿ ಬಿಟ್ಟು, ನೀ ಒಬ್ಬಾಕಿನ ಹೋಗು ಎಂದು ಕೆಳಗೇ ಉಳಿದ. ಸ್ಟೀಲಿನ ಸಣ್ಣ ಡಬ್ಬಿಯಲ್ಲಿ ಎಳ್ಳು-ಬೆಲ್ಲ ಇತ್ತು. ಬೆಲ್ಲ ಬೆವತು, ಕೊಬ್ಬರಿ ಮೆತ್ತಗಾಗಿ, ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಕಾಕು ಚಮಚದಿಂದ ಕಿತ್ತು ನನ್ನ ಅಂಗೈಗೆ ಹಾಕಿದರು. ಅವರ ಮುಂದೆಯೇ ತಿಂದೆ. ಒಳಗೆ ಮಗಳು ಸ್ನಾನಕ್ಕೆ ಹೋಗಿದ್ದಳು, ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಕಾಕು ತೋಳಲ್ಲಿದ್ದ ಮೊಮ್ಮಗುವನ್ನು, ಕೇಳದೆ ಹೇಳದೆ, ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಓಡಿದರು.

ಎತ್ತಿಕೊಳ್ಳಲಾರೆ ಎನ್ನಲು ಈಗ ನನಗೆ ಕಾರಣವಿರಲಿಲ್ಲ. ಎತ್ತಿಕೊಂಡೆ. ಕೂಸು ನಾನಂದುಕೊಂಡದ್ದಕ್ಕಿಂತ ಹಗುರಾಗಿತ್ತು, ಮತ್ತು ಬಹಳ ಬೆಚ್ಚಗಿತ್ತು. ಕುತ್ತಿಗೆ ಸರಿಯಾಗಿ ಆನಿಸಿದ್ದೇನೋ ಇಲ್ಲವೋ ಎಂದು ಚಿಂತೆ ಮಾಡುತ್ತ, ಕಾಕು ಹಾಲು ಇಳಿಸಿ ಬರುವವರೆಗೆ ನಿಂತೇ ಇದ್ದೆ.